ಸಾಲ 30 ವರ್ಷಕ್ಕೆ, ವಿಮೆ ಒಂದೇ ವರ್ಷಕ್ಕೆ

ಮೂರು ತಿಂಗಳ ಹಿಂದೆ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ್ದಳು. ಮೇಲಿನಿಂದ ತೆಗೆದ ಅವಳದೇ ಮನೆ. ಚಾವಣಿ ಮೇಲೆ ಓಕ್ ಮರದ ಕೊಂಬೆ ಬಾಗಿದೆ, ಅದಕ್ಕೊಂದು ಕೆಂಪು ಸುತ್ತು. ಕಾಡ್ಗಿಚ್ಚಿನ ಭಯವಿರುವ ಕ್ಯಾಲಿಫೋರ್ನಿಯಾದ ಗುಡ್ಡದ ಪಕ್ಕದ ಮನೆ ಅದು. ಹನ್ನೊಂದು ವರ್ಷ ತಪ್ಪದೆ ದುಡ್ಡು ಕಟ್ಟಿಸಿಕೊಂಡ ವಿಮೆ ಕಂಪನಿ ಈ ಫೋಟೋ ಇಟ್ಟು, ಇನ್ನು ಪಾಲಿಸಿ ನವೀಕರಿಸುವುದಿಲ್ಲ ಅಂತ ಪತ್ರ ಬರೆದಿತ್ತು. "ಕೊಂಬೆ ಕಡಿಸ್ತೀನಿ ಅಂದ್ರೂ ಕೇಳ್ತಿಲ್ಲ ಕಣೋ" ಅಂದಳು.

ಹವಾಮಾನ ಬದಲಾವಣೆಯಿಂದ ಜಗತ್ತಿನ ಹಣಕಾಸಿಗೆ ಪೆಟ್ಟು ಅಂದರೆ ನಾನು ಷೇರುಪೇಟೆ ಬೀಳುವುದನ್ನೇ ಕಲ್ಪಿಸಿಕೊಳ್ಳುತ್ತಿದ್ದೆ. ಅದು ಮೊದಲು ಮನೆಯ ಅಂಚೆ ಡಬ್ಬಿಗೆ ಬಂದು ಬೀಳುತ್ತದೆ ಅಂತ ಗೊತ್ತಿರಲಿಲ್ಲ.

"ಬೇರೆ ಕಂಪನಿ ನೋಡು" ಅಂತ ಸುಮ್ನೆ ಅಂದುಬಿಟ್ಟೆ. ಆದರೆ ಅಲ್ಲಿ ಮನೆ ವಿಮೆಯಲ್ಲಿ ಎಲ್ಲರಿಗಿಂತ ದೊಡ್ಡದಾದ ಸ್ಟೇಟ್ ಫಾರ್ಮ್ 2023ರ ಮೇನಲ್ಲೇ ಹೊಸ ಅರ್ಜಿ ನಿಲ್ಲಿಸಿತ್ತು. ಮರುವರ್ಷ ಸುಮಾರು 72,000 ಪಾಲಿಸಿ ಕೈಬಿಡುವುದಾಗಿ ಹೇಳಿತು.

ವಿಮೆ ಇಲ್ಲದೆ ದೇವರ ಮೇಲೆ ಭಾರ ಹಾಕಿ ಇರಬಹುದಲ್ವಾ? ಇರುವಂತಿಲ್ಲ. ಮನೆ ಸಾಲ ತೀರುವವರೆಗೆ ವಿಮೆ ಇರಲೇಬೇಕು, ಸಾಲ ಕೊಟ್ಟವರ ಷರತ್ತು. ಎಡವಟ್ಟು ಇರುವುದೇ ಇಲ್ಲಿ. ಸಾಲ 30 ವರ್ಷದ್ದು, ವಿಮೆ ವರ್ಷ ವರ್ಷದ್ದು. ವಿಮೆಯವರು ವರ್ಷಕ್ಕೊಮ್ಮೆ ಬೆಂಕಿಯ ಲೆಕ್ಕ ಹಾಕಿ ಎದ್ದು ಹೋಗಬಹುದು, ಸಾಲ ಕೊಟ್ಟವರು ಹೋಗುವಂತಿಲ್ಲ. ಆ ಸಾಲಗಳನ್ನು ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್‌ನಂಥ ಅಮೆರಿಕದ ಮನೆ ಸಾಲ ಸಂಸ್ಥೆಗಳು ಕೊಂಡು, ಸಾವಿರಾರನ್ನು ಒಟ್ಟು ಕಟ್ಟಿ, ಬಾಂಡ್ ಮಾಡಿ ಜಗತ್ತಿಗೆಲ್ಲ ಮಾರುತ್ತವೆ. ವಿಮೆ ಸಿಗದ ಮನೆ ಕೊಳ್ಳಲು ಸಾಲ ಸಿಗಲ್ಲ. ಸಾಲ ಸಿಗದ ಮನೆಗೆ ಬೆಲೆ ಎಲ್ಲಿಂದ ಬರಬೇಕು? 2008ರಲ್ಲಿ ಅಮೆರಿಕದ ಮನೆ ಸಾಲಗಳು ಮುಳುಗಿ ಜಗತ್ತೇ ನಡುಗಿದ್ದನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕ ಕೊನೆಗೆ ಫೇರ್ ಪ್ಲಾನ್‌ಗೆ ಹೋದಳು. ಎಲ್ಲೂ ವಿಮೆ ಸಿಗದವರಿಗೆ ಅಂತ ಕ್ಯಾಲಿಫೋರ್ನಿಯಾದಲ್ಲಿ 1968ರಲ್ಲಿ ಶುರುವಾದದ್ದು. ಅದು ಮುಖ್ಯವಾಗಿ ಬೆಂಕಿಗೆ ಅಷ್ಟೇ. ಕಳ್ಳತನಕ್ಕೆ ಬೇರೆ ಪಾಲಿಸಿ ಬೇಕು. ಎಷ್ಟೋ ಜನ ಅದು ಸರ್ಕಾರದ ದುಡ್ಡು ಅಂದುಕೊಂಡಿದ್ದಾರೆ. ಅಲ್ಲ, ರಾಜ್ಯದ ವಿಮೆ ಕಂಪನಿಗಳೇ ಸೇರಿ ನಡೆಸುವುದು. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಕೈಲಿದ್ದದ್ದು ಸಾಲದೆ, ಫೇರ್ ಪ್ಲಾನ್ ಆ ಕಂಪನಿಗಳಿಂದ 100 ಕೋಟಿ ಡಾಲರ್ ಕೇಳಿತು. ಅದರಲ್ಲಿ ಅರ್ಧವನ್ನು ಅವು ಗ್ರಾಹಕರ ಮೇಲೆ ಹಾಕಬಹುದು. ಅಂದರೆ ಬೆಂಕಿಯನ್ನು ಟೀವಿಯಲ್ಲಷ್ಟೇ ನೋಡಿದವನೂ ಕಟ್ಟಬೇಕು.

ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವುದೂ ಸರಿಯಲ್ಲ. ಪ್ರೀಮಿಯಂ ಏರಿಸಲು ರಾಜ್ಯದ ಒಪ್ಪಿಗೆ ಬೇಕು ಅಂತ 1988ರ ಕಾನೂನಿದೆ, ಕಂಪನಿಗಳಿಗೆ ಅದರ ಮೇಲೂ ಸಿಟ್ಟು. ಜನ ಕಾಡಿನ ಅಂಚಿಗೇ ಮನೆ ಕಟ್ಟಿದ್ದೂ ಹೌದು. ನಮ್ಮಕ್ಕನೂ ಸೇರಿ. ಆದರೂ ಬ್ಯಾಂಕ್ ಆಫ್ ಇಂಗ್ಲೆಂಡ್ ಗವರ್ನರ್ ಆಗಿದ್ದ ಮಾರ್ಕ್ ಕಾರ್ನಿ 2015ರಲ್ಲೇ ಲಂಡನ್ನಿನ ವಿಮೆ ಮಾರುಕಟ್ಟೆ ಲಾಯ್ಡ್ಸ್‌ನಲ್ಲಿ, ವಿಮೆಯವರ ಮುಂದೆಯೇ, ಹವಾಮಾನ ಬದಲಾವಣೆ ಹಣಕಾಸಿಗೆ ಪೆಟ್ಟು ಕೊಡಬಹುದು ಅಂತ ಎಚ್ಚರಿಸಿದ್ದರು. ಕೇಳಿಸಿಕೊಂಡವರು ಜಾಸ್ತಿ ಅವರೇ ಇರಬೇಕು. ಮೊದಲು ಎದ್ದು ಹೊರಟವರೂ ಅವರೇ ಅಲ್ವಾ?

ಅಕ್ಕ ಕೊಂಬೆ ಕಡಿಸಿದ್ದಾಳೆ. ಯಾರಾದರೂ ಮತ್ತೆ ಮೇಲಿನಿಂದ ಫೋಟೋ ತೆಗೆದರೆ ಚಾವಣಿ ಪೂರ್ತಿ ಕಾಣಲಿ ಅಂತ.