ಬೇಸಿಗೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವೇ? ಅಲ್ಲ

‘ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತ, ಆದ್ದರಿಂದ ಬೇಸಿಗೆಯಲ್ಲಿ ಕೂಲರ್ ಹಚ್ಚಲು ಹಿಂಜರಿಯಬೇಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದನ್ನು ನಂಬಿದರೆ ಕೈಯಿಂದ ದುಡ್ಡು ಹೋಗುತ್ತದೆ.

ರಾಜ್ಯ ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ 200 ಯೂನಿಟ್ ಎಂಬುದು ತಿಂಗಳ ಗರಿಷ್ಠ ಮಿತಿ ಮಾತ್ರ. ನಿಮ್ಮ ಮನೆಗೆ ಉಚಿತವಾಗಿ ಸಿಗುವುದೆಷ್ಟು ಎಂಬುದು 2022-23ರ ನಿಮ್ಮ ತಿಂಗಳ ಸರಾಸರಿ ಬಳಕೆಯ ಮೇಲೆ ನಿಂತಿದೆ. ಅದಕ್ಕೆ ಶೇ 10 ಸೇರಿಸುತ್ತಾರೆ. (ತೀರಾ ಕಡಿಮೆ ಬಳಸುವವರಿಗೆ ಮಾತ್ರ ಶೇ 10ರ ಬದಲು 10 ಯೂನಿಟ್.) ಅದನ್ನು ಮೀರಿ ಬಳಸಿದ್ದಕ್ಕೆ ಹಣ ಕಟ್ಟಬೇಕು. ಒಟ್ಟು ಬಳಕೆ 200 ದಾಟಿದರಂತೂ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ.

ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕೂಲರ್ ಇಲ್ಲದೆ ನಿದ್ದೆ ಬರುವುದಿಲ್ಲ, ಅದನ್ನು ಯಾರೂ ಐಷಾರಾಮ ಎನ್ನಬಾರದು. ಆದರೆ ಲೆಕ್ಕ ನೋಡಿ: 200 ವಾಟ್‌ನ ಕೂಲರ್ ದಿನಕ್ಕೆ 10 ಗಂಟೆ ಓಡಿದರೆ 2 ಯೂನಿಟ್, ತಿಂಗಳಿಗೆ 60. ಸರಾಸರಿ 90 ಯೂನಿಟ್ ಇದ್ದ ಮನೆಗೆ 99 ಉಚಿತ. ಬಳಕೆ 150ಕ್ಕೆ ಏರಿದರೆ 51 ಯೂನಿಟ್‌ಗೆ ಹಣ. ಸರಾಸರಿ 150 ಇದ್ದ ಮನೆ 210ಕ್ಕೆ ತಲುಪಿದರೆ, ಸೊನ್ನೆ ಬರುತ್ತಿದ್ದ ಬಿಲ್ ಸಾವಿರ ರೂಪಾಯಿ ದಾಟುತ್ತದೆ. 200ರಲ್ಲೇ ನಿಂತಿದ್ದರೆ ಉಚಿತ 165 ಮೀರಿದ 35 ಯೂನಿಟ್‌ಗೆ ಮಾತ್ರ ಹಣ; ಬರೀ ಹತ್ತು ಯೂನಿಟ್ ಹೆಚ್ಚಾದದ್ದಕ್ಕೆ ಪೂರ್ತಿ ಬಿಲ್!

ಬಿಸಿಲು ನಮ್ಮ ಕೈಯಲ್ಲಿಲ್ಲ. ಬೇಸಿಗೆಯಲ್ಲೂ ಅಭ್ಯಾಸಬಲದಿಂದ ಗೀಸರ್ ಹಾಕುವುದು ನಮ್ಮ ಕೈಯಲ್ಲಿದೆ: 2,000 ವಾಟ್‌ನದು ಅರ್ಧ ಗಂಟೆಗೇ 1 ಯೂನಿಟ್ ನುಂಗುತ್ತದೆ. ರೀಡಿಂಗ್ ಆದ ಹದಿನೈದನೇ ದಿನ ಒಮ್ಮೆ ಮೀಟರ್ ನೋಡಿ, ಹಿಂದಿನ ಬಿಲ್‌ನ ಅಂಕಿ ಕಳೆಯಿರಿ. ನೂರರ ಹತ್ತಿರ ಬಂದಿದ್ದರೆ ತಿಂಗಳಿಗೆ 200 ದಾಟುವ ಅಪಾಯವಿದೆ, ಉಳಿದ ದಿನಗಳಲ್ಲಿ ಗೀಸರ್ ಬಂದ್ ಮಾಡಿ.