ನಿಮ್ಮ ಏಲಿಯನ್ ಬೆಳಿಗ್ಗೆ ಎದ್ದು ಏನು ತಿನ್ನುತ್ತೆ?

ತಂಗಿಯ ಮಗ ಸೆಕೆಂಡ್ ಪಿಯುಸಿ. ಹೋದ ತಿಂಗಳು ಒಂದು ಕಥೆ ಬರೆದು ವಾಟ್ಸಾಪ್‌ನಲ್ಲಿ ಕಳಿಸಿದ. "ದೊಡ್ಡಮ್ಮ, ಸೈನ್ಸ್ ಫಿಕ್ಷನ್ನು. ಓದಿ ಹೇಳು. ಬೈಬೇಡ." 22 ವರ್ಷ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳಿಗೆ ಬೈಬೇಡ ಅನ್ನೋದು, ಊಟಕ್ಕೆ ಕೂರಿಸಿ ಉಪ್ಪಿನಕಾಯಿ ಮುಟ್ಟಬೇಡ ಅಂದ ಹಾಗೆ. ಆದರೂ ತಾಳ್ಮೆಯಿಂದ ಓದಿದೆ.

ಕಥೆಯ ಗ್ರಹದಲ್ಲಿ ಗುರುತ್ವ ಭೂಮಿಯ ಎರಡರಷ್ಟು. ಅಲ್ಲಿರೋದು ಮಿಡತೆಯಂಥ ಬುದ್ಧಿವಂತ ಜೀವಿಗಳು. ಉದ್ದ 20 ಅಡಿ, ಕಡ್ಡಿಯಂಥ ಆರು ಕಾಲು. ಭೂಮಿಯವರನ್ನು ಕಂಡ ಕೂಡಲೇ ಅವಕ್ಕೆ ಸಿಟ್ಟು ಬರುತ್ತೆ, ಯಾಕೆ ಅಂತ ಕೇಳಬಾರದು. ಫೋನ್ ಮಾಡಿದೆ.

"ಪುಟ್ಟಾ, ಇದು ಬೆಳಿಗ್ಗೆ ಎದ್ದು ಏನು ತಿನ್ನುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದು "ಮನುಷ್ಯರನ್ನ" ಅಂದ.

"ನಿನ್ನ ರಾಕೆಟ್ ಇಳಿಯೋದು ಮೂರನೇ ಪುಟದಲ್ಲಿ. ಅಲ್ಲೀವರೆಗೆ ಕೋಟ್ಯಂತರ ವರ್ಷ ಏಕಾದಶಿ ಮಾಡ್ತಿತ್ತಾ?"

ಹೊಸದಾಗಿ ಇಂಥ ಕಥೆ ಬರೆಯುವವರ ಮೇಲೆ ನನ್ನ ತಕರಾರು ಇದೊಂದೇ. ಎಲ್ಲರೂ ಏಲಿಯನ್ನಿನ ಮುಖದಿಂದ ಶುರು ಮಾಡ್ತಾರೆ. ಹಸಿರು ಚರ್ಮ, ದೊಡ್ಡ ಕಣ್ಣು, ತಲೆ ಮೇಲೆರಡು ಆಂಟೆನಾ. ಹೊಟ್ಟೆಯಿಂದ ಶುರು ಮಾಡಿ ನೋಡಿ. ಏನು ತಿನ್ನುತ್ತೆ ಅನ್ನೋದು ಗೊತ್ತಾದರೆ ಅದನ್ನು ಹಿಡಿಯೋಕೆ ಎಂಥ ಬಾಯಿ ಬೇಕು, ಎಷ್ಟು ದೂರ ಓಡಬೇಕು, ಕಣ್ಣು ಬೇಕಾ ಮೂಗು ಸಾಕಾ, ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಮುಖ ಕೊನೆಗೆ ತಾನಾಗೇ ಮೂಡುತ್ತೆ.

ಮಿಡತೆಯ ಲೆಕ್ಕವನ್ನೇ ಮಾಡೋಣ. ನಮ್ಮ ತೋಟದ ದೊಡ್ಡ ಮಿಡತೆ ಆರು ಸೆಂಟಿಮೀಟರ್, ತೂಕ ಮೂರು ಗ್ರಾಂ ಅಂತಿಟ್ಟುಕೊಳ್ಳಿ. ಅದನ್ನು 20 ಅಡಿ ಮಾಡೋದು ಅಂದರೆ ನೂರು ಪಟ್ಟು ಹಿಗ್ಗಿಸೋದು. ಉದ್ದ, ಅಗಲ, ಎತ್ತರ ಮೂರೂ ನೂರು ಪಟ್ಟಾದಾಗ ತೂಕ ಹತ್ತು ಲಕ್ಷ ಪಟ್ಟಾಗುತ್ತೆ, ಅಂದರೆ ಮೂರು ಟನ್, ಒಂದು ಹೆಣ್ಣಾನೆಯಷ್ಟು. ಆದರೆ ಕಾಲಿನ ಬಲ ಇರೋದು ಅದರ ಅಡ್ಡಕೊಯ್ತದಲ್ಲಿ. ಅದು ಹೆಚ್ಚೋದು ಹತ್ತು ಸಾವಿರ ಪಟ್ಟು ಮಾತ್ರ. ಪ್ರತಿ ಕಾಲಿನ ಮೇಲೂ ಮೊದಲಿಗಿಂತ ನೂರು ಪಟ್ಟು ಒತ್ತಡ ಬಿತ್ತು. ಇವನ ಗ್ರಹದಲ್ಲಿ ಇನ್ನೂರು ಪಟ್ಟು! ಎದ್ದು ನಿಲ್ಲೋದರೊಳಗೆ ಲಟಕ್ ಅಂತ ಮುರೀತು.

ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟು, ಪಕ್ಕದಲ್ಲಿ ಒಂದು ಮೂಳೆಯ ಚಿತ್ರವನ್ನೂ ಬರೆದ. ದೊಡ್ಡ ಪ್ರಾಣಿಗೆ ಅದೇ ಕೆಲಸಕ್ಕೆ ಎಷ್ಟು ವಿಕಾರವಾಗಿ ದಪ್ಪಗಿರೋ ಮೂಳೆ ಬೇಕು ಅಂತ ತೋರಿಸೋದಕ್ಕೆ. 1926ರಲ್ಲಿ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಇದನ್ನೇ ಇನ್ನೂ ಚಂದ ಮಾಡಿ ಹೇಳಿದರು: ಆಳವಾದ ಗಣಿಗೆ ಇಲಿಮರಿ ಗಾತ್ರದ ಪ್ರಾಣಿ ಬಿದ್ದರೆ ಮೈ ಕೊಡವಿ ನಡೀತದೆ, ಮನುಷ್ಯ ಬಿದ್ದರೆ ಮೂಳೆ ಮುರೀತದೆ, ಕುದುರೆ ಬಿದ್ದರೆ ಚೆಲ್ಲಾಪಿಲ್ಲಿ. (ಈ ಹಾಲ್ಡೇನ್ 1957ರಲ್ಲಿ ಇಂಗ್ಲೆಂಡ್ ಬಿಟ್ಟು ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ಪಠ್ಯದಲ್ಲಿ ಅವರ ಹೆಸರು ಬರೋದು ಬರೀ ಜೀವದ ಉಗಮದ ಪಾಠದಲ್ಲಿ, ಎರಡು ಅಂಕಕ್ಕೆ.)

ಇಷ್ಟು ಹೇಳುವಷ್ಟರಲ್ಲಿ ಹುಡುಗನ ದನಿ ಇಳಿದುಹೋಗಿತ್ತು. "ಹಾಗಾದ್ರೆ ದೊಡ್ಡ ಹುಳ ಇರಲೇಬಾರದಾ?" ಅಂದ. ಇರಬಹುದು ಮಾರಾಯ, ಗಾಳಿ ಬದಲಾಯಿಸು ಅಂದೆ.

ಕೀಟಗಳಿಗೆ ನಮ್ಮಂಥ ಶ್ವಾಸಕೋಶ ಇಲ್ಲ. ಮೈಪಕ್ಕದ ಸಣ್ಣ ತೂತುಗಳಿಂದ ಗಾಳಿ ನಳಿಕೆಗಳೊಳಗೆ ಹೋಗಿ ನೇರ ಜೀವಕೋಶಗಳಿಗೆ ಮುಟ್ಟಬೇಕು. ಮೈ ದೊಡ್ಡದಾದಷ್ಟೂ ಗಾಳಿಗೆ ದಾರಿ ದೂರ. ಸುಮಾರು 30 ಕೋಟಿ ವರ್ಷದ ಹಿಂದೆ ಕೊಡತಿಹುಳದ (ಡ್ರ್ಯಾಗನ್‌ಫ್ಲೈ) ಬಳಗದ ಮೆಗಾನ್ಯೂರಾ ಅನ್ನೋ ಕೀಟ ಇತ್ತು, ರೆಕ್ಕೆ ಬಿಚ್ಚಿದರೆ ಎರಡು ಅಡಿ ದಾಟುತ್ತಿತ್ತು. ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಈಗಿನ ಶೇ 21ರ ಬದಲು ಶೇ 30ರ ಆಸುಪಾಸಿನಲ್ಲಿತ್ತು ಅನ್ನೋ ಅಂದಾಜಿದೆ. ಹುಳಗಳು ಅದಕ್ಕೇ ಅಷ್ಟು ಬೆಳೆದವು ಅಂತ ಬಹಳ ಜನ ಹೇಳ್ತಾರೆ. ಎಲ್ಲರೂ ಒಪ್ಪಲ್ಲ. ಕಥೆಗಾರನಿಗೆ ಅಷ್ಟು ಸಂದು ಸಿಕ್ಕರೆ ಸಾಕಲ್ಲ.

ನನಗೆ ರುಚಿ ಹತ್ತೋದು ಇಲ್ಲಿಂದ ಮುಂದೆ. ಆಮ್ಲಜನಕ ಹೆಚ್ಚಿದ ಗಾಳಿಯಲ್ಲಿ ಬೆಂಕಿ ಸುಮ್ಮನಿರಲ್ಲ, ತೇವದ ಸೌದೆಯೂ ಹೊತ್ತಿಕೊಳ್ಳುತ್ತೆ. ಆ ಯುಗದ ಕಲ್ಲಿದ್ದಲ ಪದರಗಳಲ್ಲಿ ಕಾಡು ಸುಟ್ಟ ಇದ್ದಿಲು ಇವತ್ತಿಗೂ ಸಿಗುತ್ತೆ. ನಿನ್ನ ದೊಡ್ಡ ಹುಳ ಬದುಕೋ ಲೋಕದಲ್ಲಿ ಮುಂಗಾರಿನ ಮೊದಲ ಸಿಡಿಲು ಅಂದರೆ ಕೊಳ್ಳಿ ಇಟ್ಟ ಹಾಗೆ. ಅವು ಮೊಟ್ಟೆಯನ್ನು ಎಲ್ಲಿ ಇಡ್ತವೆ? ನೀರಲ್ಲಾ, ಮಣ್ಣಲ್ಲಾ? ಅವುಗಳ ಭಾಷೆಯಲ್ಲಿ ಹೊಗೆಗೆ ಎಷ್ಟು ಹೆಸರಿರಬಹುದು? ಭೂಮಿಯವರು ರಾಕೆಟ್ಟಿನ ಬೆಂಕಿ ಉಗುಳುತ್ತಾ ಅಲ್ಲಿ ಇಳಿದರೆ ಅವಕ್ಕೆ ಯಾಕೆ ಸಿಟ್ಟು ಬಂತು ಅಂತ ಯಾರಾದರೂ ಕೇಳಬೇಕಾ? ಫೋನಿನ ಆಚೆ ಪೆನ್ನಿನ ಸದ್ದು ಕೇಳಿಸಿತು.

ಇನ್ನೊಂದು ವಿಷಯ ವಂಶದ್ದು. ಕಪ್ಪೆ, ಹಲ್ಲಿ, ಹಕ್ಕಿ, ನಾವು, ಎಲ್ಲರ ನಾಲ್ಕು ಕೈಕಾಲೂ ಒಂದು ಹಳೇ ಮೀನಿನ ನಾಲ್ಕು ಈಜುರೆಕ್ಕೆಗಳ ಆಸ್ತಿ. ಹಕ್ಕಿಗೆ ರೆಕ್ಕೆ ಬೇಕಾದಾಗ ಕೈಯನ್ನೇ ಕೊಟ್ಟು ಕೊಂಡುಕೊಳ್ಳಬೇಕಾಯಿತು, ಬಾವಲಿಗೂ ಅದೇ ಪಾಡು. ಗರುಡನಿಗೆ ಕೈಯೂ ಇದೆ ರೆಕ್ಕೆಯೂ ಇದೆ, ಆದರೆ ಅವನು ವಿಷ್ಣುವಿನ ವಾಹನ, ಅವನಿಗೆ ವಿನಾಯಿತಿ. ಉಳಿದವರು ಲೆಕ್ಕ ಕೊಡಬೇಕು. ಹಾರುವ ಓತಿ ಕೊಟ್ಟ ಲೆಕ್ಕ ನೋಡಿ. (ಅದನ್ನು ಕನ್ನಡ ಓದುಗರಿಗೆ ನಾನು ಪರಿಚಯಿಸಬೇಕಾಗಿಲ್ಲ.) ನಾಲ್ಕು ಕಾಲನ್ನೂ ಉಳಿಸಿಕೊಂಡು ಪಕ್ಕೆಲುಬನ್ನೇ ಕೊಡೆಯ ಕಡ್ಡಿಯ ಹಾಗೆ ಚಾಚಿ, ಚರ್ಮ ಬಿಗಿದುಕೊಂಡು ತೇಲುತ್ತೆ. ಯಾವ ಕಥೆಗಾರನಿಗೆ ಹೊಳೆದಿತ್ತು ಇದು? ನಿಮ್ಮ ಜೀವಿಗೆ ಆರು ಕೈ ಕೊಡಿ, ಸಂತೋಷ. ಆದರೆ ಅದರ ಗ್ರಹದ ಇಲಿಗೂ ಮೊಲಕ್ಕೂ ಆರು ಇರಲಿ, ಇಲ್ಲಾ ಯಾಕಿಲ್ಲ ಅಂತ ಗೊತ್ತಿರಲಿ. ಒಂಟಿಯಾಗಿ ಆಕಾಶದಿಂದ ಉದುರಿದ ಪ್ರಾಣಿ ಎಲ್ಲೂ ಇಲ್ಲ.

ಮೈಯಲ್ಲಿ ಇಂಗಾಲದ ಬದಲು ಸಿಲಿಕಾನ್ ಇರೋ ಕಥೆಯ ಜೀವಿಗಳ ಬಗ್ಗೆ ಹೆಚ್ಚು ಹೇಳಲ್ಲ. ಇಂಗಾಲ ಆಮ್ಲಜನಕದ ಜೊತೆ ಸೇರಿದರೆ ಗಾಳಿ, ಉಸಿರಲ್ಲಿ ಬಿಡಬಹುದು. ಸಿಲಿಕಾನ್ ಸೇರಿದರೆ ಮರಳು. ನಿಮ್ಮ ಜೀವಿ ಒಂದೊಂದು ಉಸಿರಿಗೂ ಹಿಡಿ ಮರಳು ಉಗುಳಬೇಕು. ಸುದ್ದಿ ತಿಳಿದರೆ ನಮ್ಮ ಮರಳು ದಂಧೆಯವರೇ ಮೊದಲು ರಾಕೆಟ್ ಹತ್ತಿಯಾರು.

ಇದನ್ನೆಲ್ಲ ಗೆಳತಿಯೊಬ್ಬಳ ಹತ್ತಿರ ಹೇಳಿದಾಗ "ಕಲ್ಪನೆಗೆ ಮೂಗುದಾರ ಹಾಕ್ತೀಯಲ್ಲೇ" ಅಂದಳು. ಸಿಟ್ಟು ಬಂತು, ಒಪ್ಪಿಕೊಳ್ತೀನಿ. ಏಕೆಂದರೆ ನನಗೆ ಕಾಣೋದು ಇದರ ತಿರುವುಮುರುವು. ಹಸಿರು ಮನುಷ್ಯನನ್ನು ಯಾರು ಬೇಕಾದರೂ ಬರೀಬಹುದು. 1977ರಲ್ಲಿ ಗಲಾಪಗೋಸ್ ದ್ವೀಪಗಳ ಹತ್ತಿರ, ಸಮುದ್ರದ ಎರಡೂವರೆ ಕಿಲೋಮೀಟರ್ ಆಳದಲ್ಲಿ, ಬಿಸಿನೀರಿನ ಬುಗ್ಗೆಗಳ ಪಕ್ಕ ಕಂಡ ಕೊಳವೆಹುಳುಗಳನ್ನು ಯಾರು ಕಲ್ಪಿಸಿಕೊಂಡಿದ್ದರು? ಆಳೆತ್ತರದ ಹುಳ, ಬಾಯಿಲ್ಲ, ಕರುಳಿಲ್ಲ. ಮೈಯೊಳಗೆ ಸಾಕಿಕೊಂಡ ಬ್ಯಾಕ್ಟೀರಿಯಾಗಳು ಕೊಳೆತ ಮೊಟ್ಟೆ ವಾಸನೆಯ ಅನಿಲದ ಬಲದಿಂದ ಅಡುಗೆ ಮಾಡಿ ಹಾಕ್ತವೆ. ಆ ಹಡಗಿನಲ್ಲಿ ಇದ್ದವರು ಭೂವಿಜ್ಞಾನಿಗಳು, ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಸಿಕ್ಕಿದ ಪ್ರಾಣಿಗಳನ್ನು ಕೆಡದಂತೆ ಇಡೋಕೆ ಕೊನೆಗೆ ವೋಡ್ಕಾ ಸುರಿದರಂತೆ.

1972ರಲ್ಲಿ ಪಳೆಯುಳಿಕೆ ತಜ್ಞ ಹ್ಯಾರಿ ವಿಟಿಂಗ್ಟನ್ ಆಕ್ಸ್‌ಫರ್ಡ್‌ನ ಸಭೆಯೊಂದರಲ್ಲಿ ಓಪಬಿನಿಯಾ ಅನ್ನೋ 50 ಕೋಟಿ ವರ್ಷ ಹಿಂದಿನ ಪ್ರಾಣಿಯ ಚಿತ್ರ ತೋರಿಸಿದಾಗ ಕೂತಿದ್ದ ಪಂಡಿತರೆಲ್ಲ ನಕ್ಕುಬಿಟ್ಟರು. ಐದು ಕಣ್ಣು, ಆನೆಯಂಥ ಸೊಂಡಿಲು, ಅದರ ತುದಿಗೆ ಇಕ್ಕಳ. ಇದ್ದದ್ದು ನಿಜ, ಕಲ್ಲಿನಲ್ಲಿ ಅಚ್ಚಾಗಿದೆ. ಅಷ್ಟು ದೂರ ಯಾಕೆ, ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ 2014ರಲ್ಲಿ ಗುರುತಿಸಿದ ಕುಂಬಾರ ಕಪ್ಪೆಯ ಗಂಡು, ತನ್ನ ಮೊಟ್ಟೆಗಳಿಗೆ ಕೈಯಾರೆ ಹಸಿಮಣ್ಣು ಮೆತ್ತುತ್ತೆ. ಈ ಸಾಲನ್ನು ಏಲಿಯನ್ ಬಗ್ಗೆ ಬರೆದಿದ್ದರೆ ಎಷ್ಟು ಜನ ನಂಬುತ್ತಿದ್ದಿರಿ?

ನಿನ್ನೆ ರಾತ್ರಿ ಹತ್ತೂವರೆಗೆ ಪುಟ್ಟನ ಎರಡನೇ ಡ್ರಾಫ್ಟ್ ಬಂತು. ಹುಳ ಈಗ ನಾಯಿಯ ಗಾತ್ರಕ್ಕೆ ಇಳಿದಿದೆ, ಕಾಲು ಗಿಡ್ಡ, ದಪ್ಪ. ಕಾಡ್ಗಿಚ್ಚು ಹೋದ ಮೇಲೆ ಬೂದಿಯಲ್ಲಿ ಮೊಳೆಯುವ ಒಂದು ಥರದ ಅಣಬೆ ತಿನ್ನುತ್ತೆ. ಬೆಂಕಿಗೆ ಹೆದರೋದೂ ಅದೇ, ಬೆಂಕಿಗೆ ಕಾಯೋದೂ ಅದೇ. ನನಗೆ ಹೊಳೆದಿರಲಿಲ್ಲ ಇದು. ಶಭಾಷ್ ಅಂತ ಟೈಪ್ ಮಾಡ್ತಿದ್ದೆ, ಅಷ್ಟರಲ್ಲಿ ಅವನದೇ ಇನ್ನೊಂದು ಮೆಸೇಜು: "ದೊಡ್ಡಮ್ಮ, ಇದು ಸತ್ತ ಮೇಲೆ ಇದನ್ನ ಯಾರು ತಿಂತಾರೆ?"

ಇವತ್ತು ಮಧ್ಯಾಹ್ನದ ನಿದ್ದೆ ಅದರಲ್ಲೇ ಹೋಯಿತು.