ಬಾರದ ಸದ್ದಿಗೆ ಸಾಕ್ಷಿ

ನಿನ್ನೆ ಸಂಜೆ ನನ್ನ ಗಿಟಾರಿಗೆ ಮತ್ತೆ ದನಿ ಬಂತು. ಏಳು ವಾರ ಆದ ಮೇಲೆ. ಖುಷಿ ಪಡಬೇಕು, ನಿಜ. ಆದರೆ ಸಿಟ್ಟು ಇನ್ನೂ ಇಳಿದಿಲ್ಲ. ಕಂಪನಿಯ ಹೆಸರು ಹೇಳೋದಿಲ್ಲ, ವಾರಂಟಿ ಇನ್ನೂ ಎರಡು ತಿಂಗಳು ಬಾಕಿ ಇದೆ.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಬಿಳಿ ಪಟ್ಟಿಗಳ ಹಾಗೆ ಕಾಣುತ್ತವಲ್ಲ, ಅವೇ ಪಿಕಪ್ಪುಗಳು. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಷ್ಟು ತೆಳ್ಳಗಿನ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅಲುಗಿದರೆ ಇದರಲ್ಲಿ ಒಂಚೂರು ಕರೆಂಟು ಹುಟ್ಟುತ್ತದೆ, ಅದನ್ನೇ ಆಂಪ್ ದೊಡ್ಡದು ಮಾಡಿ ಪಕ್ಕದ ಮನೆಯವರಿಗೂ ಕೇಳಿಸುತ್ತದೆ. ನನ್ನ ಗಿಟಾರಿನಲ್ಲಿ ಮೂರಿವೆ. ತಂತಿಗಳ ಬುಡ ಕೂರುವ ಸೇತುವೆಯ ಪಕ್ಕದ ಬ್ರಿಡ್ಜ್ ಪಿಕಪ್ಪಿನದು ಚುಚ್ಚುವ ದನಿ, ಕುತ್ತಿಗೆ ಹತ್ತಿರದ ನೆಕ್ ಪಿಕಪ್ಪಿನದು ಬೆಣ್ಣೆಯಂಥ ದನಿ. ಯಾವುದು ಸತ್ತಿತು ಅಂತ ಹೇಳಬೇಕಾಗಿಲ್ಲ ಅಲ್ವಾ?

ಅದು ಮೊದಲು ಗೊತ್ತಾಗಿದ್ದು ನನಗಲ್ಲ, ಅಮ್ಮನಿಗೆ. ಇಂಥ ಪಿಕಪ್ಪಿದ್ದರೆ ಮನೆಯ 50 ಹರ್ಟ್ಜ್ ಕರೆಂಟಿನ ಗುಂಯ್ ಎನ್ನುವ ಸದ್ದೂ ಜೊತೆಗೇ ಬರುತ್ತದೆ. ಅಮ್ಮ ಅದನ್ನು ಶ್ರುತಿಪೆಟ್ಟಿಗೆ ಅಂತಲೇ ತಿಳಿದಿದ್ದಳು. "ಇವತ್ಯಾಕೋ ಶ್ರುತಿ ಹಾಕ್ಲಿಲ್ಲ?" ಅಂತ ಕೇಳಿದಳು.

ಮೊದಮೊದಲು ಪಿಕಪ್ಪುಗಳನ್ನು ಕೂರಿಸಿರುವ ಪ್ಲೇಟನ್ನು ಹೆಬ್ಬೆರಳಿನಿಂದ ಒತ್ತಿದರೆ ದನಿ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹೆಬ್ಬೆರಳು ಅಲ್ಲೇ ಇಟ್ಟುಕೊಂಡು ಗಿಟಾರ್ ನುಡಿಸಲು ಮೂರನೇ ಕೈ ಬೇಕು. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು, ಎಸ್.ಪಿ. ರೋಡಿನಲ್ಲಿ 25 ವ್ಯಾಟಿನ ಸೋಲ್ಡರಿಂಗ್ ಐರನ್ನು, ಒಂದು ಮಲ್ಟಿಮೀಟರು ತಂದೆ. ತಂತಿ ಸಡಿಲಿಸಿ, ಪ್ಲೇಟಿನ ಹನ್ನೊಂದು ಸ್ಕ್ರೂ ಬಿಚ್ಚಿದೆ. ಮೀಟರು ಇಟ್ಟು ನೋಡಿದರೆ ಉಳಿದೆರಡು ಪಿಕಪ್ಪುಗಳಲ್ಲಿ ಆರು ಕಿಲೋ ಓಮ್ ಆಸುಪಾಸು ತೋರಿಸಿತು. ಸತ್ತದ್ದರಲ್ಲಿ ಬರೀ 1, ಕರೆಂಟು ದಾಟುತ್ತಲೇ ಇಲ್ಲ ಅನ್ನುವುದಕ್ಕೆ ಮೀಟರಿನ ಗುರುತು. ಅಂದರೆ ಒಳಗೆಲ್ಲೋ ತಂತಿ ಕಡಿದಿದೆ. ಬೆಸುಗೆ ಬಿಟ್ಟಿರಬೇಕು ಅಂತ ಬಿಸಿ ಐರನ್ ಮುಟ್ಟಿಸಿದೆ. ಇನ್ನೊಮ್ಮೆ ಮುಟ್ಟಿಸಿದೆ. ಆಮೇಲೆ ಹೆಬ್ಬೆರಳಲ್ಲಿ ಒತ್ತಿದರೂ ಸದ್ದು ಬರಲಿಲ್ಲ.

ಆಗ ವಾರಂಟಿ ಕಾರ್ಡು ಓದಿದೆ. ಬಿಚ್ಚಿದರೆ ವಾರಂಟಿ ಇಲ್ಲವಂತೆ. ಗಡಿಬಿಡಿಯಲ್ಲಿ ಎಲ್ಲ ವಾಪಸ್ ಮುಚ್ಚಿದೆ. ಹತ್ತು ಸ್ಕ್ರೂ ಸಿಕ್ಕಿತು. ಹನ್ನೊಂದನೆಯದಕ್ಕೆ ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದೆ, ಇಲ್ಲ.

ಕಸ್ಟಮರ್ ಕೇರಿನಲ್ಲಿ ಪುಣ್ಯಕ್ಕೆ ಕನ್ನಡ ಮಾತಾಡುವ ಹುಡುಗ ಸಿಕ್ಕ. ಅವನದೊಂದು ಅಭ್ಯಾಸ, ಏನು ಹೇಳಿದರೂ "ಖಂಡಿತ ಸಾರ್". ಸಾರ್, ಪಿಕಪ್ ಹೋಗಿದೆ. ಖಂಡಿತ ಸಾರ್. ಬದಲಾಯಿಸಿ ಕೊಡ್ತೀರಾ? ಖಂಡಿತ ಸಾರ್, ಒಂದು ವಿಡಿಯೋ ಕಳಿಸಿ.

ಫೋನು ಮುಂದಿಟ್ಟು, ಆಂಪ್ ಆನ್ ಮಾಡಿ, ಸ್ವಿಚ್ಚನ್ನು ನೆಕ್ ಪಿಕಪ್ಪಿಗೆ ಹಾಕಿ ನುಡಿಸಿದೆ. ಎಲೆಕ್ಟ್ರಿಕ್ ಗಿಟಾರಿನ ತಂತಿ ಹಾಗೇ ಮೀಟಿದರೂ ಸಣ್ಣಗೆ ಟಿಣ್ ಅನ್ನುತ್ತದೆ, ಅದನ್ನು ಫೋನು ಹಿಡಿದುಕೊಂಡಿದೆ. ಮರುದಿನ ಉತ್ತರ ಬಂತು: "ಸಾರ್, ಸೌಂಡ್ ಬರ್ತಾ ಇದೆಯಲ್ಲ?"

ಸರಿ. ಫೋನನ್ನು ಕೋಣೆಯ ಆಚೆ ತುದಿಯಲ್ಲಿದ್ದ ಆಂಪಿನ ಬಾಯಿಗೆ ಒತ್ತಿಟ್ಟೆ, ಕ್ಯಾಮೆರಾ ನನ್ನ ಕಡೆಗೆ. ಫ್ಯಾನ್ ಆರಿಸಿದೆ, ಅಮ್ಮನಿಗೆ ಮಿಕ್ಸಿ ನಿಲ್ಲಿಸು ಅಂದೆ, ಉಸಿರು ಬಿಗಿಹಿಡಿದು ಒಂದು ನಿಮಿಷ ನುಡಿಸಿದೆ. ಅಪ್ಪಟ ಮೌನ. ಇದಕ್ಕಿಂತ ಒಳ್ಳೆ ಸಾಕ್ಷಿ ಯಾವ ಕೋರ್ಟಿಗೂ ಸಿಕ್ಕಿರಲಾರದು. ಉತ್ತರ: "ಸಾರ್, ನಿಮ್ಮ ವಿಡಿಯೋದಲ್ಲಿ ಆಡಿಯೋ ಇಲ್ಲ. ದಯವಿಟ್ಟು ಮತ್ತೆ ಕಳಿಸಿ."

ಫೋನ್ ಮಾಡಿದೆ. ಅಪ್ಪಾ, ಆಡಿಯೋ ಇಲ್ಲದಿರೋದೇ ಕಂಪ್ಲೇಂಟು ಅಂದೆ. "ಖಂಡಿತ ಸಾರ್. ಆದ್ರೆ ಆಡಿಯೋ ಇಲ್ಲದಿದ್ರೆ ಕಂಪ್ಲೇಂಟ್ ಚೆಕ್ ಮಾಡೋದು ಹೇಗೆ ಸಾರ್?" ನಾನು ಸ್ವಲ್ಪ ಹೊತ್ತು ಗೋಡೆ ನೋಡಿದೆ.

ಮೂರನೇ ವಿಡಿಯೋದಲ್ಲಿ ವೀಕ್ಷಕ ವಿವರಣೆಯನ್ನೇ ಕೊಟ್ಟೆ. ಇದು ಬ್ರಿಡ್ಜ್, ಕೇಳಿ, ಬರ್ತಿದೆ. ಇದು ನೆಕ್, ಕೇಳಿ, ಬರ್ತಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಪಿಕಪ್ಪಿನ ಮೇಲೆ ಮೆಲ್ಲಗೆ ತಟ್ಟಿ ತೋರಿಸಿದೆ. ಒಂದರಲ್ಲಿ ಟೊಕ್, ಇನ್ನೊಂದರಲ್ಲಿ ಏನೂ ಇಲ್ಲ. ಈ ಸಲ ಅವನಿಗೆ ಎಲ್ಲ ಅರ್ಥವಾಯಿತು. ಅರ್ಥವಾಗಿದ್ದಲ್ಲದೆ ಇನ್ನೊಂದೂ ಕಣ್ಣಿಗೆ ಬಿತ್ತು. "ಸಾರ್, ಪ್ಲೇಟಲ್ಲಿ ಒಂದು ಸ್ಕ್ರೂ ಕಾಣ್ತಿಲ್ಲವಲ್ಲ?"

ಕಿವಿ ಕೇಳಿಸದವನಿಗೆ ಕಣ್ಣು ಮಾತ್ರ ಹದ್ದಿನದು! "ಅದು ಡಬ್ಬಿ ಒಡೆದಾಗಲೇ ಇರಲಿಲ್ಲ" ಅಂದೆ. ನಾನು ಸಾಮಾನ್ಯವಾಗಿ ಸುಳ್ಳು ಹೇಳುವವನಲ್ಲ.

ಆಮೇಲೆ ಕಾಯುವ ಕೆಲಸ. ಮೊದಲ ಪಾರ್ಸಲ್ಲಿನಲ್ಲಿ ಬ್ರಿಡ್ಜ್ ಪಿಕಪ್ ಬಂತು, ವಾಪಸ್ ಹೋಯಿತು. ಆ ವಾರಗಳಲ್ಲಿ ರಾತ್ರಿ ಆಂಪ್ ಇಲ್ಲದೆ, ಗಿಟಾರಿನ ಮೇಲ್ತುದಿಗೆ ಕಿವಿ ಆನಿಸಿಕೊಂಡು ನುಡಿಸುತ್ತಿದ್ದೆ. ಹಾಗೆ ಆನಿಸಿದರೆ ಮರದೊಳಗಿಂದ ದನಿ ನೇರ ತಲೆಗೆ ಬರುತ್ತದೆ. ಕಾಲೇಜು ದಿನಗಳಲ್ಲಿ ಬಾಡಿಗೆ ರೂಮಿನಲ್ಲಿ ಹೀಗೇ ಇತ್ತು. ಗಿಟಾರು ಗೆಳೆಯನದು, ಆಂಪಿಗೆ ದುಡ್ಡಿಲ್ಲ, ಓನರ್ ಮಲಗಿದ ಮೇಲೆ ಇಬ್ಬರೂ ಸರದಿ ಮೇಲೆ ಕಿವಿ ಇಡುತ್ತಿದ್ದೆವು. ಆಗ ಯಾವ ಪಿಕಪ್ ಯಾವ ದನಿ ಅಂತ ತಲೆ ಕೆಡಿಸಿಕೊಂಡಿದ್ದೇ ಇಲ್ಲ.

ನಿನ್ನೆ ಕಂಪನಿಯ ಟೆಕ್ನಿಷಿಯನ್ ಸರಿಯಾದ ಪಿಕಪ್ ಹಿಡಿದುಕೊಂಡು ಬಂದ. ಹತ್ತು ಸ್ಕ್ರೂ ಬಿಚ್ಚಿ ಪ್ಲೇಟ್ ಮಗುಚಿ ಹಾಕಿದ. ಮಧ್ಯದ ಪಿಕಪ್ಪಿನ ಹೊಟ್ಟೆಗೆ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟಿಕೊಂಡು, ಹನ್ನೊಂದನೇ ಸ್ಕ್ರೂ ಕೂತಿತ್ತು.

ಅವನು ಕಂಪ್ಲೇಂಟ್ ಶೀಟು ನೋಡಿದ. ಸ್ಕ್ರೂ ನೋಡಿದ. "ಬಂದಾಗಲೇ ಇರಲಿಲ್ಲ ಅಂತ ಬರೆದಿದೆ ಸಾರ್?"

"ಖಂಡಿತ" ಅಂದೆ. "ಕಾಫಿ ಕುಡೀತೀರಾ?"